ಮೇಗುಟಿಯ ಬೆಟ್ಟ: ಯಾತ್ರಿಕನಿಗೊಂದು ವಿಜ್ಞಾನಪಾಠ

ಬೆಟ್ಟದ ನೆತ್ತಿಯನ್ನು ಆರಿಸಿಕೊಂಡು ಅಲ್ಲಿ ಕಲ್ಲಿನ ಕಟ್ಟಡಗಳನ್ನು ನಿಲ್ಲಿಸುವ ರೂಢಿಯು ಯಾವುದೋ ಒಂದು ದೇಶಕ್ಕೆ ಮಾತ್ರ ಸೇರಿದುದಲ್ಲ. ಮೆಕ್ಸಿಕೋ ದೇಶದ ಒಹಾಕಾ ಕಣಿವೆಯಲ್ಲಿ ಝಾಪೊಟೆಕ್ ಎಂಬ ಜನರು ಕ್ರಿ. ಪೂ. 500ರ ಸುಮಾರಿಗೆ ಒಂದು ಬೆಟ್ಟದ ತಲೆಯನ್ನು ಸಮಮಾಡಿ ನಗರವೊಂದನ್ನು ಕಟ್ಟತೊಡಗಿದರು. ಕಣಿವೆಯ ನೆಲದಿಂದ ಸುಮಾರು 400 ಮೀಟರ್ ಎತ್ತರದಲ್ಲಿರುವ ಆ ನಗರಕ್ಕೆ ಇಂದು ಮೊಂಟೆ ಅಲ್ಬಾನ್ ಎಂದು ಹೆಸರು. ಸಾವಿರ ವರ್ಷಕ್ಕೂ ಮಿಕ್ಕಿ ಬಾಳಿ ಅದು ಪಾಳುಬಿದ್ದಿತು. 1931ರಲ್ಲಿ ಆಲ್ಫೋನ್ಸೊ ಕಾಸೊ ಎಂಬ ಪುರಾತತ್ತ್ವಜ್ಞರು ಅಲ್ಲಿ ದೊಡ್ಡ ಪ್ರಮಾಣದ ಉತ್ಖನನವನ್ನು ಆರಂಭಿಸಿದರು. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಮೊಂಟೆ ಅಲ್ಬಾನ್ ಸೇರಿತು. ಅದೇ ವರ್ಷ ನಮ್ಮ ಪಟ್ಟದಕಲ್ಲೂ ಸೇರಿತು.

ಅಷ್ಟು ದೂರ ಹೋಗುವ ಅನುಕೂಲ ನಮ್ಮ ವಿದ್ಯಾರ್ಥಿಗಳಿಗೆ ಇಲ್ಲದಿರಬಹುದು. ಆದರೆ ಅಂಥ ಬೆಟ್ಟ ಕಲಿಸುವ ಪಾಠಗಳಲ್ಲಿ ಹೆಚ್ಚಿನವನ್ನು ಕಲಿಸಬಲ್ಲ ಬೆಟ್ಟವೊಂದು ನಮ್ಮ ಜಿಲ್ಲೆಯಲ್ಲಿಯೇ ಉಂಟು. ಸಮೀರವಾಡಿಯ ಕಬ್ಬಿನ ಸೀಮೆಯಿಂದ ಹೊರಟು ಮುಧೋಳ, ಲೋಕಾಪುರ, ಬಾಗಲಕೋಟೆ, ಅಮೀನಗಡಗಳ ಮೇಲೆ ಸಾಗಿದರೆ ಮಲಪ್ರಭೆಯ ಬಳಿಯ ಐಹೊಳೆಯನ್ನು ಸೇರಬಹುದು. ಊರೊಳಗಿನ ದುರ್ಗದ ಗುಡಿ, ಲಾಡಖಾನ ಗುಡಿಗಳನ್ನು ನೋಡಿ ಹಿಂದಿರುಗುವವರೇ ಹೆಚ್ಚು. ಊರಿಗೆ ಅಂಟಿಕೊಂಡಿರುವ ಮೇಗುಟಿಯ ಬೆಟ್ಟವನ್ನು ಹತ್ತುವವರು ಕಡಮೆ. ಹತ್ತುವ ದಾರಿಯಲ್ಲಿ ಎರಡು ಅಂತಸ್ತಿನ ಬೌದ್ಧ ಗುಡಿ. ಮೇಲೆ ಕೋಟೆಯ ಗೋಡೆಯೊಳಗೆ ಜೈನ ಬಸದಿ. ಅದರಾಚೆಯ ಬಂಡೆಯ ಬಯಲಿನಲ್ಲಿ ಇತಿಹಾಸಪೂರ್ವ ಕಾಲದ ಕಲ್ಮನೆಗಳು. ನವೆಂಬರಿನಿಂದ ಫೆಬ್ರವರಿಯ ತನಕ ಹೋಗುವುದು ಒಳ್ಳೆಯದು. ಬೇಸಗೆಯಲ್ಲಿ ಆ ಬಂಡೆಗಳು ಕಾದ ಹಂಚಿನಂತಾಗುವುವು.

ಎತ್ತರವನ್ನು ಅಳೆಯುವುದು

ಬೆಟ್ಟವನ್ನು ಹತ್ತುವುದಕ್ಕೆ ಮುಂಚೆ ಅದರ ಎತ್ತರವನ್ನು ನಾವೇ ಅಳೆದುಕೊಳ್ಳಬಹುದು. ಇದಕ್ಕೆ ಬೇಕಾದುದು ಒಂದು ಕೋನಮಾಪಕ, ಒಂದು ದಾರ, ಒಂದು ಸಣ್ಣ ಕಲ್ಲು, ಒಂದು ಅಳತೆಯ ಪಟ್ಟಿ. ಕೋನಮಾಪಕದ ನೇರ ಅಂಚಿನ ಗುಂಟ ಬೆಟ್ಟದ ಅಂಚನ್ನು ನೋಡಬೇಕು. ಕೇಂದ್ರದಿಂದ ಇಳಿಬಿಟ್ಟ ದಾರವು 90 ಡಿಗ್ರಿಯ ಗೆರೆಯಿಂದ ಎಷ್ಟು ಸರಿದಿದೆಯೋ ಅಷ್ಟೇ ನಮ್ಮ ನೋಟದ ಏರುಕೋನ. ಸಮನೆಲದಲ್ಲಿ ಎರಡು ಸ್ಥಳಗಳಿಂದ ಹೀಗೆ ಕೋನಗಳನ್ನು ತೆಗೆದುಕೊಂಡು, ಆ ಸ್ಥಳಗಳ ನಡುವಣ ದೂರವನ್ನು ಅಳೆಯಬೇಕು.

ಉದಾಹರಣೆಗೆ, ಮೊದಲ ಸ್ಥಳದಲ್ಲಿ ಕೋನ 20 ಡಿಗ್ರಿ, ಬೆಟ್ಟದ ಕಡೆಗೆ ನೇರವಾಗಿ 50 ಮೀಟರ್ ನಡೆದ ಬಳಿಕ 30 ಡಿಗ್ರಿ ಎಂದು ಭಾವಿಸೋಣ. ಈ ಕೋನಗಳ ಟ್ಯಾಂಜೆಂಟುಗಳು 0.364 ಮತ್ತು 0.577. ಇವುಗಳ ಗುಣಲಬ್ಧವನ್ನು ಇವುಗಳ ವ್ಯತ್ಯಾಸದಿಂದ ಭಾಗಿಸಿ 50ರಿಂದ ಗುಣಿಸಿದರೆ ಎತ್ತರ ಸುಮಾರು 49 ಮೀಟರ್ ಎಂದು ಬರುವುದು. ಇದಕ್ಕೆ ನೋಡುವವನ ಕಣ್ಣಿನ ಎತ್ತರವನ್ನು ಕೂಡಿಸಬೇಕು. ಈ ಅಂಕಿಗಳು ಲೆಕ್ಕದ ಮಾದರಿಗಾಗಿ ಮಾತ್ರ. ನಿಜವಾದ ಅಂಕಿಗಳನ್ನು ವಿದ್ಯಾರ್ಥಿಗಳು ಅಲ್ಲಿಯೇ ನಿಂತು ಪಡೆಯಬೇಕು.

ಎತ್ತರಕ್ಕೆ ಬೆಲೆ ಬರುವುದು ನೋಟದಿಂದ. ಭೂಮಿಯು ಗುಂಡಾಗಿರುವುದರಿಂದ ದಿಗಂತದ ದೂರಕ್ಕೆ ಒಂದು ಮಿತಿಯುಂಟು. ಮೀಟರುಗಳಲ್ಲಿ ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ, ಸುತ್ತಲೂ ಬಯಲಿದ್ದ ಪಕ್ಷದಲ್ಲಿ, ದಿಗಂತದ ದೂರ ಕಿಲೋಮೀಟರುಗಳಲ್ಲಿ ಸಿಗುವುದು. 49 ಮೀಟರ್ ಎತ್ತರದಿಂದ ಇದು 25 ಕಿಲೋಮೀಟರ್; ನೆಲದ ಮೇಲೆ ನಿಂತವನಿಗೆ ಐದು ಕಿಲೋಮೀಟರೂ ಇಲ್ಲ. ಬರುವವರನ್ನು ಮುಂಚಿತವಾಗಿ ಕಾಣಬೇಕೆಂಬ ರಾಜರಿಗೂ, ದೂರದವರಿಗೂ ಕಾಣುವಂತಿರಬೇಕೆಂಬ ಗುಡಿಗಳಿಗೂ ಬೆಟ್ಟವೇ ಏಕೆ ಬೇಕಾಯಿತೆಂಬುದು ಇದರಿಂದ ತಿಳಿಯುವುದು.

ಒಂದೇ ಬೆಟ್ಟ, ಮೂರು ಕಾಲ

ಮೇಗುಟಿಯ ಮೇಲೆ ನಿಂತವನ ಮುಂದೆ ಮೂರು ಬೇರೆ ಬೇರೆ ಕಾಲಗಳಿವೆ. ಮೊದಲನೆಯದು ಬಂಡೆಯ ಕಾಲ. ಈ ಕೆಂಪು ಮರಳುಗಲ್ಲು ನೀರು ತಂದು ಹಾಸಿದ ಮರಳಿನಿಂದ ಆದುದು; 54 ಕೋಟಿ ವರ್ಷಗಳಿಗೂ ಹಿಂದಿನದು. ಮರಳು ಪದರಪದರವಾಗಿ ಶೇಖರವಾಗಿ ಗಟ್ಟಿಯಾದುದರಿಂದ ಕಲ್ಲಿನಲ್ಲಿಯೂ ಪದರಗಳು ಉಳಿದಿವೆ. ಎರಡನೆಯದು ಕಲ್ಮನೆಗಳ ಕಾಲ. ದಕ್ಷಿಣ ಭಾರತದ ಇಂಥ ಬೃಹತ್‌ಶಿಲಾ ಸಮಾಧಿಗಳನ್ನು ಬಹುಮಟ್ಟಿಗೆ ಕ್ರಿ. ಪೂ. ಒಂದನೆಯ ಸಹಸ್ರಮಾನಕ್ಕೆ, ಎಂದರೆ ಕಬ್ಬಿಣದ ಯುಗಕ್ಕೆ, ಸೇರಿಸುತ್ತಾರೆ. ಮೂರನೆಯದು ಬಸದಿಯ ಕಾಲ. ಇದನ್ನು ಮಾತ್ರ ನಾವು ವರ್ಷದ ನಿಖರತೆಯಿಂದ ಬಲ್ಲೆವು.

ಬಸದಿಯ ಪೂರ್ವದ ಗೋಡೆಯ ಮೇಲೆ ರವಿಕೀರ್ತಿ ಎಂಬ ಕವಿಯ ಸಂಸ್ಕೃತ ಶಾಸನವಿದೆ. ಲಿಪಿ ಹಳೆಯ ಕನ್ನಡದ್ದು. ಇಮ್ಮಡಿ ಪುಲಕೇಶಿಯು ಹರ್ಷನನ್ನು ಸೋಲಿಸಿದ ಸಂಗತಿಯೂ, ಕಾಳಿದಾಸ ಮತ್ತು ಭಾರವಿಯರ ಹೆಸರುಗಳೂ ಇದರಲ್ಲಿವೆ. ಶಾಸನವು ತನ್ನ ಕಾಲವನ್ನು ಎರಡು ಬಗೆಯಲ್ಲಿ ಹೇಳುತ್ತದೆ: ಶಕವರ್ಷ 556, ಮತ್ತು ಭಾರತಯುದ್ಧವಾಗಿ 3735 ವರ್ಷ. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿ. ಶ. 634. ಇನ್ನು 3735ರಿಂದ 634ನ್ನು ಕಳೆದರೆ 3101 ಉಳಿಯುವುದು. ಕ್ರಿ. ಪೂ. 1ರ ಬಳಿಕ ನೇರವಾಗಿ ಕ್ರಿ. ಶ. 1 ಬರುವುದರಿಂದಲೂ ನಡುವೆ ಸೊನ್ನೆಯ ವರ್ಷವಿಲ್ಲದುದರಿಂದಲೂ ಒಂದನ್ನು ಕೂಡಿಸಬೇಕು. ಆಗ ದೊರೆಯುವುದು ಕ್ರಿ. ಪೂ. 3102, ಇದೇ ನಮ್ಮ ಪಂಚಾಂಗದ ಕಲಿಯುಗಾರಂಭ. ಕಲಿಯ 3600 ವರ್ಷಗಳು ಕಳೆದಾಗ ತನಗೆ 23 ವರ್ಷವೆಂದು ಆರ್ಯಭಟನು ಬರೆದಿದ್ದಾನೆ. ಆ ವರ್ಷ ಕ್ರಿ. ಶ. 499. ಲೆಕ್ಕಮಾಡಿದರೆ ಅದೂ ಇದೇ ಬಿಂದುವಿಗೆ ಬಂದು ನಿಲ್ಲುವುದು.

ಇಲ್ಲಿ ವಿದ್ಯಾರ್ಥಿಯು ಎಚ್ಚರದಿಂದ ವಿವೇಚಿಸಬೇಕು. ಈ ಶಾಸನದಿಂದ ಸಿದ್ಧವಾಗುವುದೇನು? ಕ್ರಿ. ಶ. 634ರಲ್ಲಿ ನಮ್ಮ ಹಿರಿಯರು ಭಾರತಯುದ್ಧದ ಕಾಲವನ್ನು ಹೀಗೆ ಎಣಿಸುತ್ತಿದ್ದರು ಎಂಬುದು ಸಿದ್ಧವಾಗುವುದು. ಯುದ್ಧವು ಕ್ರಿ. ಪೂ. 3102ರಲ್ಲಿಯೇ ನಡೆಯಿತೆಂಬುದು ಇದರಿಂದ ಸಿದ್ಧವಾಗದು. ಮೂರೂವರೆ ಸಾವಿರ ವರ್ಷಗಳ ಬಳಿಕ ಬರೆದ ಮಾತು ಬರೆದವನ ಕಾಲಕ್ಕೆ ಸಾಕ್ಷಿಯೇ ಹೊರತು, ಅವನು ಹೇಳುವ ಕಾಲಕ್ಕೆ ಸಾಕ್ಷಿಯಲ್ಲ. ಸಾಕ್ಷ್ಯವು ಎಷ್ಟು ದೂರ ಹೋಗುತ್ತದೆಯೋ ಅಷ್ಟು ದೂರವೇ ನಾವೂ ಹೋಗಬೇಕು. ಪ್ರಯೋಗಶಾಲೆಯಲ್ಲಿ ನಾವು ಪಾಲಿಸುವ ನಿಯಮವೂ ಇದೇ.

ಬರಹವಿಲ್ಲದ ಕಡೆ ಏನು ಮಾಡಬೇಕು? ವಿಲ್ಲರ್ಡ್ ಲಿಬ್ಬಿಯವರು 1940ರ ದಶಕದ ಕೊನೆಯಲ್ಲಿ ರೂಪಿಸಿದ ವಿಕಿರಣ ಇಂಗಾಲದ ವಿಧಾನವು ಇಂಥಲ್ಲಿ ನೆರವಾಗುತ್ತದೆ; ಇದಕ್ಕಾಗಿ ಅವರಿಗೆ 1960ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಜೀವಿಯು ಸತ್ತ ಬಳಿಕ ಅದರೊಳಗಿನ ಇಂಗಾಲ–14 ಪ್ರತಿ 5730 ವರ್ಷಗಳಿಗೆ ಅರ್ಧವಾಗುತ್ತ ಹೋಗುವುದು. ರವಿಕೀರ್ತಿಯ ಕಾಲದ ಮರದ ತುಂಡೊಂದು ಈಗ ಸಿಕ್ಕರೆ ಅದರಲ್ಲಿ ಮೊದಲಿನ ಪ್ರಮಾಣದ ನೂರಕ್ಕೆ ಸುಮಾರು 84.5ರಷ್ಟು ಉಳಿದಿರಬೇಕು. ಆದರೆ ಈ ವಿಧಾನ ಕಲ್ಲಿಗೆ ಸಲ್ಲದು. ಇದ್ದಿಲು, ಎಲುಬು, ಕಾಳುಗಳಂಥ ಜೀವಮೂಲದ ವಸ್ತು ಬೇಕು. ಆದಕಾರಣ ಕಲ್ಮನೆಯ ಚಪ್ಪಡಿಗಿಂತ ಅದರ ಅಡಿಯಲ್ಲಿರುವ ಹಿಡಿಯಷ್ಟು ಮಣ್ಣು ಕಾಲನಿರ್ಣಯಕ್ಕೆ ಹೆಚ್ಚು ಬೆಲೆಯುಳ್ಳದ್ದು.

ಚಪ್ಪಡಿಯನ್ನು ಎತ್ತಿದವರು ಯಾರು?

ಕಲ್ಮನೆಯೆಂದರೆ ನಿಲ್ಲಿಸಿದ ಹಾಸುಗಲ್ಲುಗಳ ಮೇಲೆ ಮತ್ತೊಂದು ದೊಡ್ಡ ಹಾಸುಗಲ್ಲನ್ನು ಮುಚ್ಚಿದ ಕೋಣೆ. ನಮ್ಮ ನಾಡಿನ ಹಲವೆಡೆ ಇವಕ್ಕೆ ಮೋರ್ಯರ ಮನೆಗಳೆಂದೂ ಪಾಂಡವರ ಗುಡಿಗಳೆಂದೂ ಹೆಸರುಂಟು. ಇಷ್ಟು ಭಾರವನ್ನು ಸಾಮಾನ್ಯ ಮನುಷ್ಯರು ಎತ್ತಲಾರರೆಂಬ ಊಹೆಯೇ ಇಂಥ ಕಥೆಗಳಿಗೆ ಮೂಲ. ಈಚೆಗೆ ಅನ್ಯಗ್ರಹದವರು ಬಂದು ಕಟ್ಟಿದರೆಂದು ಹೇಳುವವರೂ ಇದ್ದಾರೆ. ಲೆಕ್ಕಮಾಡಿ ನೋಡೋಣ.

ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲ, ಕಾಲು ಮೀಟರ್ ದಪ್ಪದ ಒಂದು ಚಪ್ಪಡಿಯನ್ನು ಊಹಿಸಿಕೊಳ್ಳಿ. ಅದರ ಗಾತ್ರ 1.25 ಘನ ಮೀಟರ್. ಮರಳುಗಲ್ಲಿನ ಸಾಂದ್ರತೆಯನ್ನು ಘನ ಮೀಟರಿಗೆ 2300 ಕಿಲೋಗ್ರಾಂ ಎಂದು ಹಿಡಿದರೆ ತೂಕ 2875 ಕಿಲೋಗ್ರಾಂ. ಒಂದು ಅಂಚು ನೆಲದ ಮೇಲೆಯೇ ಇರುವಾಗ ಇನ್ನೊಂದು ಅಂಚನ್ನು ಎತ್ತಲು ಇದರ ಅರ್ಧ ಸಾಕು. ಭುಜಗಳು ಒಂದಕ್ಕೆ ಹತ್ತರಂತಿರುವ ಸನ್ನೆಗೋಲನ್ನು ಹಾಕಿದರೆ 144 ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಮೂರು ನಾಲ್ಕು ಜನ ಜೋತುಬಿದ್ದರೆ ಆಯಿತು. ಅವರು ಕೋಲಿನ ತುದಿಯನ್ನು ಒಂದು ಮೀಟರ್ ಇಳಿಸಿದರೆ ಅಂಚು ಹತ್ತು ಸೆಂಟಿಮೀಟರ್ ಏಳುವುದು. ಕೂಡಲೇ ಅಡಿಗೆ ಕಲ್ಲುಗಳನ್ನು ಇಟ್ಟು, ಆಮೇಲೆ ಮತ್ತೊಂದು ಅಂಚನ್ನು ಎತ್ತಬೇಕು. ಮಣ್ಣಿನ ಏರಿಯನ್ನು ಕಟ್ಟಿ ಮೇಲಕ್ಕೆ ಎಳೆಯುವುದು ಇನ್ನೊಂದು ದಾರಿ.

ಶಕ್ತಿಯ ಲೆಕ್ಕ ಇದಕ್ಕಿಂತಲೂ ಸೋಜಿಗದ್ದು. ಈ ಚಪ್ಪಡಿಯನ್ನು ಒಂದೂವರೆ ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಕೆಲಸ ಸುಮಾರು 42,000 ಜೂಲ್. ದುಡಿಯುವ ಮನುಷ್ಯನ ಸಾಮರ್ಥ್ಯವನ್ನು 75 ವಾಟ್ ಎಂದು ಎಣಿಸಿದರೆ ಇದು ಒಬ್ಬ ಆಳಿಗೆ ಹತ್ತು ನಿಮಿಷಕ್ಕೂ ಕಡಮೆಯ ಕೆಲಸ! ದೇಹವು ತಿಂದುದರಲ್ಲಿ ಸುಮಾರು ಕಾಲುಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸುವುದೆಂದರೂ, ಸಮೀರವಾಡಿಯ ಕಾರ್ಖಾನೆಯ ಸಕ್ಕರೆಯಲ್ಲಿ ಎರಡು ಮೂರು ಚಮಚೆಗಳಷ್ಟು ಇದಕ್ಕೆ ಸಾಕು. ಎಳೆಯುವಾಗ ಘರ್ಷಣೆಯಲ್ಲಿ ನಷ್ಟವಾಗುವುದರಿಂದ ನಿಜವಾದ ವೆಚ್ಚ ಇದರ ಹಲವು ಪಟ್ಟು ಇರಬಹುದು. ಆದರೂ ಅದು ಮನುಷ್ಯಸಾಧ್ಯವಾದುದೇ. ತೊಡಕು ಇದ್ದುದು ಶಕ್ತಿಯಲ್ಲಿ ಅಲ್ಲ, ದೊಡ್ಡ ಬಲವನ್ನು ಒಂದೆಡೆ ಒದಗಿಸುವುದರಲ್ಲಿ. ಆ ತೊಡಕನ್ನು ಸನ್ನೆಯೂ ಕೂಡಿ ದುಡಿಯುವ ಜನರೂ ಪರಿಹರಿಸಿದರು. ಚಕ್ರದ ಬಂಡಿ, ಎತ್ತು, ಕಬ್ಬಿಣದ ಉಳಿ ಇವು ಯಾವುವೂ ಇಲ್ಲದೆಯೇ ಝಾಪೊಟೆಕ್ ಜನರು ಬೆಟ್ಟದ ಮೇಲೆ ಸುಮಾರು 300 ಮೀಟರ್ ಉದ್ದ, 200 ಮೀಟರ್ ಅಗಲದ ಅಂಗಳವನ್ನು ಸಮಮಾಡಿದರು. ಕೆಲಸಗಾರನಿಗೆ ಸಲ್ಲಬೇಕಾದ ಕೀರ್ತಿಯನ್ನು ದೈತ್ಯರಿಗೋ ಅನ್ಯಗ್ರಹದವರಿಗೋ ಒಪ್ಪಿಸುವುದು ಅನ್ಯಾಯ.

ಕಂಬಗಳು ಏಕೆ ಹತ್ತಿರ ಹತ್ತಿರ?

ಬಸದಿಯೊಳಗೆ ಹೋದವನಿಗೆ ಕಂಬಗಳು ಬಲು ಹತ್ತಿರ ನಿಂತಂತೆ ತೋರುವುವು. ಕಲ್ಲು ಅದುಮಿದರೆ ತಾಳುವುದು, ಎಳೆದರೆ ತಾಳದು. ಎರಡು ಕಂಬಗಳ ಮೇಲೆ ಮಲಗಿಸಿದ ಕಲ್ಲಿನ ತೊಲೆ ತನ್ನ ತೂಕದಿಂದಲೇ ತುಸು ಬಾಗುವುದು. ಆಗ ಮೇಲ್ಭಾಗ ಅದುಮಿಕೊಂಡು ಕೆಳಭಾಗ ಎಳೆಯಲ್ಪಡುವುದು. ಈ ಎಳೆತವು ತೊಲೆಯ ಉದ್ದದ ವರ್ಗಕ್ಕೆ ಅನುಗುಣವಾಗಿಯೂ ದಪ್ಪಕ್ಕೆ ವಿಲೋಮವಾಗಿಯೂ ಇರುವುದು. ಉದ್ದವನ್ನು ಎರಡು ಪಟ್ಟು ಮಾಡಿದರೆ ಎಳೆತ ನಾಲ್ಕು ಪಟ್ಟಾಗುವುದು. ದಪ್ಪವನ್ನೂ ಎರಡು ಪಟ್ಟು ಮಾಡಿದರೂ ಎಳೆತವು ಮೊದಲಿಗಿಂತ ಇಮ್ಮಡಿಯಾಗಿಯೇ ಉಳಿಯುವುದು. ಒಂದೇ ಆಕಾರವನ್ನು ಬೇಕೆಂದಷ್ಟು ಹಿಗ್ಗಿಸಲಾಗದು ಎಂಬ ಈ ತತ್ತ್ವವನ್ನು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ವಿವರಿಸಿದನು. ಐಹೊಳೆಯ ಶಿಲ್ಪಿಗಳು ಸಾವಿರ ವರ್ಷ ಮೊದಲೇ ಇದನ್ನು ಅನುಭವದಿಂದ ಕಂಡುಕೊಂಡು ಕಂಬಗಳನ್ನು ಒತ್ತಾಗಿ ನಿಲ್ಲಿಸಿದ್ದರು. ಆದರೆ ಅನುಭವವನ್ನು ಬಲ್ಲುದು ಬೇರೆ, ನಿಯಮವನ್ನು ಬಲ್ಲುದು ಬೇರೆ. ಇಬ್ಬರ ಹಿರಿಮೆಯನ್ನೂ ನಾವು ಬೆರಸದೆ ಗೌರವಿಸಬೇಕು.

ನೆರಳಿಲ್ಲದ ನಡುಹಗಲು

ಐಹೊಳೆಯು ಸುಮಾರು 16 ಡಿಗ್ರಿ, ಮೊಂಟೆ ಅಲ್ಬಾನ್ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಎರಡೂ ಕರ್ಕಾಟಕ ಸಂಕ್ರಾಂತಿವೃತ್ತದ ದಕ್ಷಿಣಕ್ಕೆ ಇರುವುದರಿಂದ ವರ್ಷಕ್ಕೆ ಎರಡು ಸಲ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ಬರುವನು. ಝಾಪೊಟೆಕ್ ಜನರು ಒಂದು ಕಟ್ಟಡದಲ್ಲಿ ನೆಟ್ಟಗೆ ಮೇಲಕ್ಕೆ ತೆರೆದ ಕೊಳವೆಯಂಥ ಕಂಡಿಯನ್ನು ಬಿಟ್ಟಿದ್ದಾರೆ. ಆ ದಿನಗಳಲ್ಲಿ ಬಿಸಿಲು ಅದರೊಳಗಿಂದ ನೇರವಾಗಿ ಕೆಳಗಿನ ಕೋಣೆಗೆ ಇಳಿಯುವುದು. ನಮ್ಮ ಪ್ರದೇಶದಲ್ಲಿ ಈ ದಿನಗಳು ಮೇ ತಿಂಗಳ ಮೊದಲ ವಾರದಲ್ಲಿಯೂ ಆಗಸ್ಟ್ 7–8ರ ಸುಮಾರಿಗೂ ಬರುವುವು. ಆಗಸ್ಟಿನಲ್ಲಿ ಮೋಡ ಕವಿದಿರಬಹುದು. ಮೇ ತಿಂಗಳಲ್ಲಿ ಶಾಲೆಯ ಅಂಗಳದಲ್ಲಿ ತೂಗುಗುಂಡಿನಿಂದ ನೆಟ್ಟಗೆ ನಿಲ್ಲಿಸಿದ ಕೋಲೊಂದನ್ನು ನೋಡುತ್ತ ಕುಳಿತರೆ ನೆರಳು ಬುಡದೊಳಗೆ ಅಡಗುವ ಕ್ಷಣವನ್ನು ಯಾರಾದರೂ ಕಾಣಬಹುದು.

ಉಳಿಸಿಕೊಳ್ಳುವ ಹೊಣೆ

ಬಸದಿಯ ಗೋಡೆಗಳಲ್ಲಿ ಗಾರೆಯಿಲ್ಲ. ಕಲ್ಲಿನ ಮೇಲೆ ಕಲ್ಲು ತನ್ನ ಭಾರದಿಂದಲೇ ಕುಳಿತಿದೆ. ಎರಡು ಮೀಟರ್ ಉದ್ದದ ಕಲ್ಲು 30 ಡಿಗ್ರಿ ಬಿಸಿಯಾದರೆ ಅರ್ಧ ಮಿಲಿಮೀಟರಿಗೂ ಸ್ವಲ್ಪ ಹೆಚ್ಚಾಗಿ ಹಿಗ್ಗುವುದು. ಒಣಸಂದುಗಳು ಆ ಹಿಗ್ಗುವಿಕೆಗೆ ಎಡೆಗೊಡುವುವು. ಆದರೆ ಮರಳುಗಲ್ಲು ಸೂಕ್ಷ್ಮರಂಧ್ರಗಳುಳ್ಳದ್ದು. ನೀರಿನೊಡನೆ ಒಳಹೊಕ್ಕ ಲವಣಗಳು ಒಣಗಿ ಹರಳುಗಟ್ಟುವಾಗ ರಂಧ್ರದ ಗೋಡೆಗಳನ್ನು ಒತ್ತುವುವು. ಮೇಲಿನ ಪದರ ಹಕ್ಕಳೆಯಾಗಿ ಉದುರುವುದು. ಇದನ್ನು ತಡೆಯುವುದು ತಜ್ಞರಿಗೂ ಕಷ್ಟ. ಯಾತ್ರಿಕನು ಮೊಳೆಯಿಂದ ಗೀರುವ ಹೆಸರನ್ನು ತಡೆಯುವುದು ಮಾತ್ರ ಸುಲಭ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷಗಳ ತನಕ ಸೆರೆವಾಸ, ಒಂದು ಲಕ್ಷ ರೂಪಾಯಿಗಳ ತನಕ ದಂಡ ವಿಧಿಸಬಹುದೆಂದು 1958ರ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ.

ಕಲ್ಮನೆಗಳ ಅಪಾಯ ಇನ್ನೂ ಹೆಚ್ಚಿನದು. ಅವುಗಳ ಮೇಲೆ ಶಿಲ್ಪವಿಲ್ಲ, ಬರಹವಿಲ್ಲ. ನೋಡಿದವರಿಗೆ ಬರಿಯ ಹಾಸುಗಲ್ಲುಗಳು. ಅವುಗಳನ್ನು ಮಾಡಿದವರು ನಮಗಾಗಿ ಒಂದು ಅಕ್ಷರವನ್ನೂ ಬಿಟ್ಟುಹೋಗಿಲ್ಲವಾದುದರಿಂದ, ಪ್ರತಿಯೊಂದು ಕಲ್ಲು ಇರುವ ಜಾಗ, ವಾಲಿದ ದಿಕ್ಕು, ಅಡಿಯ ಮಣ್ಣು ಇವೇ ಅವರ ಮಾತು. ಒಂದು ಚಪ್ಪಡಿಯನ್ನು ಸರಿಸಿ ಕುಳಿಯನ್ನು ಕೆದಕಿದರೆ ಆ ಮಾತು ಅಳಿಸಿಹೋಗುವುದು. ಮತ್ತೆ ಬರೆಯಲು ಯಾರಿಂದಲೂ ಆಗದು. ಮೇಗುಟಿಗೆ ಹೋಗುವ ವಿದ್ಯಾರ್ಥಿಗಳು ಕೋನಮಾಪಕವನ್ನೂ ಅಳತೆಯ ಪಟ್ಟಿಯನ್ನೂ ಒಯ್ಯಲಿ. ಅಳೆಯಲಿ, ಚಿತ್ರಿಸಿಕೊಳ್ಳಲಿ, ತಂತಮ್ಮಲ್ಲಿ ವಾದಿಸಲಿ. ಕಲ್ಲುಗಳನ್ನು ಮಾತ್ರ ಇದ್ದಲ್ಲಿಯೇ ಬಿಟ್ಟು ಬರಲಿ. ನಾಳೆ ನಮಗಿಂತ ಸೂಕ್ಷ್ಮವಾದ ಉಪಕರಣಗಳನ್ನು ಹಿಡಿದು ಬರುವವರಿಗೆ ಅವು ಬೇಕಾಗುವುವು.