ಕಮಲಾಪುರ ರಸ್ತೆ ಕಲಿಸಿದ ಆರು ಪಾಠ

ಗೋವಾದ ಹಾಫ್ ಐರನ್‌ಮ್ಯಾನ್‌ಗೆ ನಾವಿಬ್ಬರು ತಯಾರಾದದ್ದು ಕಲಬುರಗಿಯಲ್ಲಿ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಮೂರೂ ಒಂದೇ ದಿನ, ಒಂದರ ಬೆನ್ನಿಗೆ ಒಂದು. ಪೂರ್ತಿ ಐರನ್‌ಮ್ಯಾನ್ ಅಂದರೆ ಇದರ ಎರಡರಷ್ಟು. ನನಗೆ ನಲವತ್ತು ದಾಟಿತ್ತು. ನನ್ನ ಜೊತೆಗಾತಿ ನನಗಿಂತ ಎಂಟು ವರ್ಷ ಚಿಕ್ಕವಳು, ನನ್ನನ್ನು ‘ಅಕ್ಕಾ’ ಅನ್ನುತ್ತಾಳೆ. ಸಮುದ್ರ ಕಾಣದ, ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಇಬ್ಬರೇ ಕಲಿತದ್ದು ಇಷ್ಟು.

1. ವೇಗ ನೋಡುವ ಮೊದಲು ಹೊತ್ತು ನೋಡಿ. ಸೈಕಲ್‌ನಲ್ಲಿ ಅವಳು ಮುಂದೆ, ಈಜಿನಲ್ಲಿ ನಾನು. ಅದು ತೊಡಕಾಗಲೇ ಇಲ್ಲ. ಇಬ್ಬರಿಗೂ ನಸುಕಿನ ಐದಕ್ಕೆ ಮನೆ ಬಿಡಲು ಆಗುತ್ತಿತ್ತು. ಜೊತೆ ಉಳಿದದ್ದು ಅದರಿಂದ. ಒಬ್ಬಳು ರಸ್ತೆಯಲ್ಲಿ ಕಾಯುತ್ತಿದ್ದಾಳೆ ಎಂಬ ನೆನಪಿಗೆ ಅಲಾರಾಂಗಿಂತ ಹೆಚ್ಚು ಶಕ್ತಿ. ಜೋರಾಗಿ ಓಡುವ ದಿನ ಮಾತ್ರ ಬೇರೆ ಬೇರೆ ಓಡಿದೆವು. ಅವಳ ವೇಗ ನನ್ನ ಕಾಲಿಗೆ ಗಾಯ ತರಬಾರದಲ್ಲ.

2. ಹೋಗುವಾಗಲೇ ಬರುವ ಗಾಳಿಯ ಲೆಕ್ಕ ಹಾಕಿ. ನಾವು ಸೈಕಲ್ ತುಳಿದು ಹೋಗಿಬರುತ್ತಿದ್ದ ಕಮಲಾಪುರ ಕಲಬುರಗಿಯ ಈಶಾನ್ಯಕ್ಕೆ, ಹುಮನಾಬಾದ್ ರಸ್ತೆಯಲ್ಲಿದೆ. ಮಳೆಗಾಲದ ಗಾಳಿ ಬೀಸುವುದು ನೈಋತ್ಯದಿಂದ. ಹೋಗುವಾಗ ಅದು ಬೆನ್ನು ತಳ್ಳುತ್ತದೆ, ಬರುವಾಗ ಎದೆಗೆ ನಿಲ್ಲುತ್ತದೆ. ಮೊದಲ ಸಲ ಹಾರಿದ ಹಾಗೆ ಹೋಗಿ, ಮರಳುವಾಗ ಮಹಾಗಾಂವ್ ಕ್ರಾಸ್ ಮುಟ್ಟುವಷ್ಟರಲ್ಲಿ ಇಬ್ಬರ ತೊಡೆಯೂ ಕಲ್ಲಾಗಿತ್ತು. ಇನ್ನೊಂದು ಎಚ್ಚರ: ಮಳೆಯಾದ ಮರುದಿನ ಟ್ರ್ಯಾಕ್ಟರ್ ಗಾಲಿಗಳು ಹೊಲದ ಎರೆಮಣ್ಣನ್ನು ಡಾಂಬರಿಗೆ ತಂದು ಬಿಡುತ್ತವೆ. ಅದರ ಮೇಲೆ ತೆಳುವಾದ ಟೈರು ಬೆಣ್ಣೆ ಮೇಲೆ ಹೋದಂತೆ ಜಾರುತ್ತದೆ. ಮುಂದಿರುವವರು ಕೈ ತೋರಿಸಿ ಹೇಳಲೇಬೇಕು.

3. ನಿಮ್ಮ ಗುಟುಕನ್ನು ಇನ್ನೊಬ್ಬರು ಎಣಿಸಲಿ. ಒಂದು ಭಾನುವಾರ ನೀರಡಿಕೆ ಇಲ್ಲವೆಂದು ಬಾಟಲಿ ಮುಟ್ಟದೆ ಬಂದೆ. ಕಮಲಾಪುರದಲ್ಲಿ ಇಳಿದಾಗ ಕಣ್ಣು ಕತ್ತಲೆ ಬಂತು. ಅವಳು ನನ್ನನ್ನು ನೆರಳಿಗೆ ಕೂರಿಸಿ, ಉಪ್ಪು ಸಕ್ಕರೆ ಕದಡಿದ ನಿಂಬೆನೀರನ್ನು ಸ್ವಲ್ಪ ಸ್ವಲ್ಪವೇ ಕುಡಿಸಿದಳು. ಆಮೇಲೆ ಕೆಂಪು ಬಾಳೆಹಣ್ಣು ಸುಲಿದು ಕೈಗಿಟ್ಟಳು. ಭೌಗೋಳಿಕ ಸೂಚಕ ಪಡೆದ ಕಮಲಾಪುರದ ಹಣ್ಣದು, ದಪ್ಪ ಸಿಪ್ಪೆ, ಒಳಗೆ ಕೆನೆಬಣ್ಣ. ಒಂದೇ ಹಣ್ಣಿಗೆ ಹೊಟ್ಟೆ ನಿಲ್ಲುತ್ತದೆ. ಅಂದಿನಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಅವಳ ಪ್ರಶ್ನೆ: “ಅಕ್ಕಾ, ಎಷ್ಟ್ ಗುಟುಕಾತು?” ಎಷ್ಟು ಬೇಕೆಂದು ತಿಳಿಯಲು, ಒಂದು ಗಂಟೆ ಬೆವರುವ ಮೊದಲೂ ಆಮೇಲೂ ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೋಗಿದೆ, ಜೊತೆಗೆ ಉಪ್ಪೂ.

4. ನೀರಿನಲ್ಲಿ ಒಬ್ಬರಿಗೊಬ್ಬರು ಕಣ್ಣಾಗಿ. ಈಜುಕೊಳದ ತಳದಲ್ಲಿ ಗೆರೆ ಇರುತ್ತದೆ, ಸಮುದ್ರದಲ್ಲಿ ಇಲ್ಲ. ಹತ್ತು ಹೊಡೆತ ಕಣ್ಣು ಮುಚ್ಚಿ ಈಜುವುದು, ಎತ್ತ ವಾಲಿದೆವೆಂದು ಇನ್ನೊಬ್ಬಳು ಹೇಳುವುದು. ಇದೇ ನಮ್ಮ ಆಟ. ನಾನು ಎಡಕ್ಕೆ ಹೋಗುತ್ತೇನೆಂದು ಅವಳು ಹೇಳುವ ತನಕ ಗೊತ್ತೇ ಇರಲಿಲ್ಲ. ಕೆರೆಯಾಗಲಿ ಬಾವಿಯಾಗಲಿ, ಒಬ್ಬರೇ ಇಳಿಯಲೇಬೇಡಿ.

5. ಸೈಕಲ್ ಇಳಿದ ಮೊದಲ ಎರಡು ಕಿಲೋಮೀಟರ್ ಮಾತಾಡುತ್ತ ಓಡಿ. ಗಂಟೆಗಟ್ಟಲೆ ಪೆಡಲ್ ತುಳಿದ ಕಾಲು ನೆಲದ ಮೇಲೆ ಮರದ ಹಾಗಿರುತ್ತದೆ, ಆದರೂ ವೇಗ ಮಾತ್ರ ಲೆಕ್ಕ ತಪ್ಪಿ ಏರುತ್ತದೆ. ವಾಕ್ಯ ಮುಗಿಸುವಷ್ಟು ಉಸಿರಿದ್ದರೆ ಸರಿ. ಮಾತು ತುಂಡಾದರೆ ನಿಧಾನಿಸಿ. “ಯಾಕ ಸುಮ್ಮನಾದಿ?” ಎಂದು ಕೇಳುವವರಿದ್ದರೆ ನೋವನ್ನು ಮುಚ್ಚಿಡಲು ಆಗುವುದಿಲ್ಲ. ಮುಚ್ಚಿಡಲೂ ಬಾರದು.

6. ಮುಂದಿನ ಸೈಕಲ್ಲಿನ ಮರೆ ಬಿಡಿ. ಎದುರುಗಾಳಿಯಲ್ಲಿ ಅವಳ ಹಿಂದೆ ಅಂಟಿಕೊಂಡು ಬಂದರೆ ನನ್ನ ಶ್ರಮದಲ್ಲಿ ದೊಡ್ಡ ಪಾಲು ಉಳಿಯುತ್ತಿತ್ತು. ಆದರೆ ಈ ಸ್ಪರ್ಧೆಯಲ್ಲಿ ಹಾಗೆ ಮರೆ ಹಿಡಿಯುವಂತಿಲ್ಲ. ಎರಡು ಸೈಕಲ್‌ಗಳ ನಡುವೆ 12 ಮೀಟರ್ ಅಂತರವಿರಬೇಕು, ತಪ್ಪಿದರೆ ದಂಡದ ನಿಮಿಷ ಕಳೆಯಬೇಕು. ಅದಕ್ಕೆ ಕೊನೆಯ ಆರು ವಾರ ಅವಳು ಹತ್ತು ನಿಮಿಷ ಮೊದಲೇ ಹೊರಡುತ್ತಿದ್ದಳು. ಕಮಲಾಪುರದ ತನಕ ನನ್ನ ಗಾಳಿ ನನಗೆ, ಅವಳ ಗಾಳಿ ಅವಳಿಗೆ. ಆ ವಾರಗಳಲ್ಲೇ ಜೊತೆ ಅಂದರೇನು ಅಂತ ನನಗೆ ಅರ್ಥವಾದದ್ದು.

ಗೋವಾದಲ್ಲಿ ಸೈಕಲ್ ಅರವತ್ತು ಕಿಲೋಮೀಟರ್ ದಾಟಿದಾಗ ಅವಳು ಎಲ್ಲಿದ್ದಳೋ ಗೊತ್ತಿಲ್ಲ. ಬಿಸಿಲು ಏರಿತ್ತು, ನೀರಡಿಕೆ ಇರಲಿಲ್ಲ. ನನ್ನ ಬಾಯಿಂದಲೇ ಜೋರಾಗಿ ಬಂತು: “ಎಷ್ಟ್ ಗುಟುಕಾತು?” ಬಾಟಲಿಗೆ ಕೈ ಹಾಕಿದೆ.