ಎದುರಿನವನ ಮಾರಿ

ತಮ್ಮಾ, ಕಾರಹುಣ್ಣಿವೆಗೆ ಕುಲಗೋಡಕ್ಕೆ ಬಂದಿದ್ದಾಗ ನೀನು ಪಡಸಾಲೆಯ ಕಂಬಕ್ಕೆ ಒರಗಿ ಮೊಬೈಲಿನಲ್ಲಿ ಮುಳುಗಿದ್ದೆ. ಹೊರಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುತ್ತಿದ್ದರು. ನಾನು ಕನ್ನಡಕ ಏರಿಸಿಕೊಂಡು ನಿನ್ನ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಹಸಿರು ಮೇಜು, ಆರು ತೂತು, ಬಣ್ಣದ ಹದಿನೈದು ಗುಂಡು, ಒಂದು ಬಿಳಿ ಗುಂಡು. "ಇದು ಪೂಲ್ ಅಂತ ಆಟ ಅಜ್ಜಾ, ನಿನಗ ತಿಳಿಯೂದಿಲ್ಲ" ಅಂದೆ ನೀನು. "ಅಷ್ಟ ಜೋರ್ ಹೊಡೀಬ್ಯಾಡೋ, ಬಿಳೇದು ಪಾಕೆಟ್ಟಿಗೆ ಹೊಕ್ಕೈತಿ" ಅಂದೆ ನಾನು. ನೀನು ಹೊಡೆದೆ, ಹೊಕ್ಕಿತು. ಆಗ ನೀನು ತಿರುಗಿ ನನ್ನ ಕಡೆ ನೋಡಿದ್ದು ನೆನಪಿದೆಯೇ? ಅಜ್ಜನಿಗೆ ಇದು ಹೇಗೆ ಗೊತ್ತು ಎಂದು ನೀನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮೊನ್ನೆ ನಿಮ್ಮವ್ವ ಅಡುಗೆಮನೆಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಆ ಆಟದಲ್ಲಿ ನೀನು ಸೋತ ನಲವತ್ತು ಸಾವಿರದ ಮಾತು ಹೇಳಿದಳು. ಹಾಗಾಗಿ ಈಗ ಹೇಳುತ್ತೇನೆ. ಬೈಯಲಿಕ್ಕಲ್ಲ. ಬೈಯುವ ಯೋಗ್ಯತೆ ನನಗಿಲ್ಲ. ಯಾಕಿಲ್ಲ ಎನ್ನುವುದನ್ನೇ ಹೇಳಬೇಕಾಗಿದೆ.

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ವರ್ಷ, 1973ರಲ್ಲಿ, ನಾನು ಕಾಲೇಜು ಕಲಿಯಲು ಬೆಳಗಾವಿಗೆ ಹೋದೆ. ಆವಾಗ ಮೂಡಲಗಿ ತಾಲೂಕು ಆಗಿರಲಿಲ್ಲ, ನಾವು ಗೋಕಾಕ ತಾಲೂಕಿನವರು. ಕೆಂಪು ಬಸ್ಸಿನಲ್ಲಿ ಗೋಕಾಕಕ್ಕೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕು. ಬೆಳಗಾವಿ ಅಂದರೆ ಎರಡು ಊರು. ಒಂದು ಪೇಟೆ, ಇನ್ನೊಂದು ಕ್ಯಾಂಪು. ಕ್ಯಾಂಪಿನಲ್ಲಿ ಮಿಲಿಟರಿಯವರು, ಹಳೇ ಬಂಗಲೆಗಳು, ಬೇಕರಿಗಳು. ಅಲ್ಲೇ ಒಂದು ಗಲ್ಲಿಯಲ್ಲಿ, ಹಂಚಿನ ಮಾಡಿನ ಉದ್ದನೆಯ ಕೋಣೆಯೊಳಗೆ ಎರಡು ಬಿಲಿಯರ್ಡ್ಸ್ ಟೇಬಲ್ಲುಗಳಿದ್ದವು. ಹಾಲ್‌ನ ಹೆಸರು ಬೇಡ, ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ನಿನ್ನ ಪೂಲ್ ಟೇಬಲ್ಲು ಒಂಬತ್ತು ಅಡಿಯದು. ಅದು ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ. ಹಸಿರು ಬಟ್ಟೆಯ ಕೆಳಗೆ ಕಟ್ಟಿಗೆಯಲ್ಲ, ಕಲ್ಲಿನ ಹಾಸು. ಟನ್ನಿಗೂ ಮಿಕ್ಕಿದ ತೂಕ. ಎತ್ತಿಡುವುದಿರಲಿ, ಅಲುಗಾಡಿಸಲೂ ಆಗುತ್ತಿರಲಿಲ್ಲ. ಟೇಬಲ್ಲಿನ ಮೇಲಷ್ಟೇ ಬೆಳಕು, ಸುತ್ತಲೂ ಕತ್ತಲೆ. ಆಡುವವ ಬಗ್ಗಿದಾಗ ಮಾತ್ರ ಅವನ ಮಾರಿ ಬೆಳಕಿಗೆ ಬರುತ್ತಿತ್ತು. ಈ ಮಾತು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಆ ಹಾಲ್‌ನಲ್ಲಿ ಮಾರ್ಕರ್ ಆಗಿದ್ದವರು ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದ ಒಬ್ಬ ಹಿರಿಯ. ಮಾರ್ಕರ್ ಅಂದರೆ ಗುಂಡು ಜೋಡಿಸುವವ, ಪಾಯಿಂಟ್ ಕೂಗುವವ, ಸ್ಟಿಕ್ಕಿಗೆ ತುದಿ ಅಂಟಿಸಿಕೊಡುವವ. ಸಾಹೇಬರ ಕಾಲದಿಂದ ನಮ್ಮ ದೇಶದ ಕ್ಲಬ್ಬುಗಳಲ್ಲಿ ಬಂದ ನೌಕರಿ ಅದು. ಮಂದಿಯ ಆಟವನ್ನು ದಿನಕ್ಕೆ ಹತ್ತು ತಾಸು ನಿಂತು ನೋಡುವುದೇ ಕೆಲಸ. ಹೀಗೆ ಮೂವತ್ತು ವರ್ಷ ನೋಡಿದವನಿಗೆ ಟೇಬಲ್ಲಿನ ಒಂದು ನೂಲೂ ಅಪರಿಚಿತವಲ್ಲ. ಚಾಚಾನ ತಲೆಯ ಹಿಂದಿನ ಗೋಡೆಗೆ ವಿಲ್ಸನ್ ಜೋನ್ಸ್ ಅವರ ಚಿತ್ರವಿತ್ತು, ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ್ದು. 1958ರಲ್ಲಿ ಕಲ್ಕತ್ತಾದಲ್ಲಿ ಬಿಲಿಯರ್ಡ್ಸ್‌ನಲ್ಲಿ ಜಗತ್ತನ್ನೇ ಗೆದ್ದವರು ಅವರು. ಯಾವುದೇ ಆಟದಲ್ಲಿ ವೈಯಕ್ತಿಕವಾಗಿ ವಿಶ್ವ ಚಾಂಪಿಯನ್ ಆದ ಮೊದಲ ಭಾರತೀಯ. ಚಾಚಾ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಆ ಚಿತ್ರದ ಧೂಳು ಒರೆಸುತ್ತಿದ್ದರು.

ನೌಕರಿ ಹಗಲಿಗೆ. ರಾತ್ರಿ ಚಾಚಾ ರೊಕ್ಕ ಹಚ್ಚಿ ಆಡುತ್ತಿದ್ದರು. ಅಮೆರಿಕದವರು ಇಂಥವರಿಗೆ ಹಸ್ಲರ್ ಅನ್ನುತ್ತಾರೆ. ನಮ್ಮಲ್ಲಿ ಹೆಸರಿಲ್ಲ, ಆದರೆ ಮನುಷ್ಯ ಇದ್ದ. ಅವರ ನಿಜವಾದ ಕಲೆ ಗೆಲ್ಲುವುದರಲ್ಲಿ ಇರಲಿಲ್ಲ. ಗೆಲ್ಲುವುದು ಯಾರಿಗಾದರೂ ಬರುತ್ತದೆ. ಚಾಚಾ ಸೋಲುತ್ತಿದ್ದುದನ್ನು ನೀನು ನೋಡಬೇಕಿತ್ತು. ಸುಲಭದ ಗುಂಡು ಪಾಕೆಟ್ಟಿನ ತುಟಿಗೆ ಬಂದು ನಿಲ್ಲುತ್ತಿತ್ತು, ಬೀಳುತ್ತಿರಲಿಲ್ಲ. ಚಾಚಾ ಹಣೆ ಬಡಿದುಕೊಳ್ಳುತ್ತಿದ್ದರು. "ಕಣ್ಣ ಹೋದುವು ಬೇಟಾ, ವಯಸ್ಸಾತು" ಅನ್ನುತ್ತಿದ್ದರು. ಎದುರಿನವನಿಗೆ ಎದೆ ಉಬ್ಬುತ್ತಿತ್ತು. ಐದು ರೂಪಾಯಿಯ ಫ್ರೇಮು ಹತ್ತಕ್ಕೆ ಏರುತ್ತಿತ್ತು. ಆಮೇಲೆ ಚಾಚಾನೇ "ಇಪ್ಪತ್ತು ಪಾಯಿಂಟ್ ಬಿಟ್ಟ ಕೊಡ್ತೇನಿ, ಬಾ" ಎಂದು ಕರೆಯುತ್ತಿದ್ದರು. ಆಗ ಅವರ ಕಣ್ಣು ಒಮ್ಮೆಲೇ ಸರಿಹೋಗುತ್ತಿದ್ದವು!

ನಾವು ಆ ಟೇಬಲ್ಲಿನ ಮೇಲೆ ಆಡುತ್ತಿದ್ದುದು ಸ್ನೂಕರ್. ಆ ಆಟ ಹುಟ್ಟಿದ್ದು ನಮ್ಮ ದೇಶದಲ್ಲೇ, 1875ರಲ್ಲಿ, ಜಬಲ್ಪುರದ ಸೈನ್ಯಾಧಿಕಾರಿಗಳ ಮೆಸ್‌ನಲ್ಲಿ. ನೆವಿಲ್ ಚೇಂಬರ್ಲೇನ್ ಎಂಬ ಎಳೆಯ ಅಧಿಕಾರಿ ಬಿಲಿಯರ್ಡ್ಸ್ ಟೇಬಲ್ಲಿಗೆ ಬಣ್ಣದ ಗುಂಡುಗಳನ್ನು ಸೇರಿಸಿ ಇದನ್ನು ಕಟ್ಟಿದ. ಆಮೇಲೆ ಊಟಿಯ ಕ್ಲಬ್ಬಿನಲ್ಲಿ ಅದರ ನಿಯಮಗಳನ್ನು ಬರೆದು ತೂಗುಹಾಕಿದರು. ಸ್ನೂಕರ್ ಅನ್ನುವುದು ಸೈನ್ಯದ ಶಾಲೆಗೆ ಹೊಸದಾಗಿ ಸೇರಿದ ಹುಡುಗನನ್ನು ಗೇಲಿ ಮಾಡುವ ಹೆಸರು. ಏನೂ ತಿಳಿಯದ ಹಸಿ ಹುಡುಗ ಎಂದು ಅರ್ಥ. ಒಬ್ಬ ಆಟಗಾರ ಸುಲಭದ ಗುಂಡು ತಪ್ಪಿಸಿದಾಗ ಚೇಂಬರ್ಲೇನ್ ಅವನನ್ನು ಹಾಗೆ ಕರೆದನಂತೆ. ಆ ಹೆಸರೇ ಆಟಕ್ಕೆ ನಿಂತುಬಿಟ್ಟಿತು. ನಾನು ಮೊದಲ ಸಲ ಆ ಹಾಲ್ ಹೊಕ್ಕಾಗ ಅಲ್ಲಿದ್ದ ನಿಜವಾದ ಸ್ನೂಕರ್ ನಾನೇ.

ಊರಿನಲ್ಲಿ ಕೇರಂ ಆಡಿ ಕೈ ಕುದುರಿತ್ತು ನೋಡು. ಹನಮಪ್ಪನ ಗುಡಿಯ ಹಿಂದಿನ ಕೋಣೆಯಲ್ಲಿ ಬೋರಿಕ್ ಪೌಡರ್ ಉದುರಿಸಿ, ಕಂದೀಲ ಬೆಳಕಿನಲ್ಲಿ ರಾಣಿಯನ್ನು ಕವರ್ ಮಾಡುತ್ತಿದ್ದವನಿಗೆ ಇದೇನು ಮಹಾ ಅನ್ನಿಸಿತು. ಮೊದಲ ಶನಿವಾರ ಚಾಚಾನ ಮೇಲೆ ಮೂರು ಫ್ರೇಮು ಗೆದ್ದೆ. ಹದಿನೈದು ರೂಪಾಯಿ. ಗೆಳೆಯರಿಗೆಲ್ಲ ಮಸಾಲೆ ದೋಸೆ ತಿನ್ನಿಸಿದೆ. ಮುಂದಿನ ಮೂರು ಶನಿವಾರಗಳಲ್ಲಿ ಅಪ್ಪ ಬೆಲ್ಲ ಮಾರಿ ಕೊಟ್ಟಿದ್ದ ನೂರಾ ಎಂಬತ್ತು ರೂಪಾಯಿ ಹೋಯಿತು. ಫೀ, ಖಾನಾವಳಿ, ಪುಸ್ತಕ ಎಲ್ಲ ಅದರಲ್ಲೇ ಇತ್ತು. ನಾಲ್ಕನೆಯ ಶನಿವಾರ ನಾನು ಕೈಯೊಳಗಿನ ಎಚ್‌ಎಂಟಿ ವಾಚು ಬಿಚ್ಚಿ ಟೇಬಲ್ಲಿನ ಅಂಚಿಗೆ ಇಟ್ಟೆ. ಸೋದರಮಾವ ಕೊಡಿಸಿದ್ದು.

ಚಾಚಾ ಸ್ಟಿಕ್ಕಿನ ತುದಿಗೆ ಚಾಕ್ ತಿಕ್ಕುತ್ತಿದ್ದರು. ನನ್ನ ಕಡೆ ನೋಡಿದರು, ತಿಕ್ಕುವುದನ್ನು ನಿಲ್ಲಿಸಿದರು. ಕರಿ ಗುಂಡನ್ನು ಎತ್ತಿ ತಮ್ಮ ಕೋಟಿನ ಕಿಸೆಗೆ ಹಾಕಿಕೊಂಡು "ಟೇಬಲ್ ಬಂದ್" ಅಂದರು. ಸುತ್ತ ನಿಂತವರು ಗದ್ದಲ ಮಾಡಿದರು. ನಾನೂ ಕೂಗಾಡಿದೆ. ನನಗೆ ಗೆದ್ದು ಎಲ್ಲ ವಾಪಸು ತರಬೇಕಾಗಿತ್ತಲ್ಲ. ಅವರು ಉಳಿದ ಗುಂಡುಗಳನ್ನು ಒಂದೊಂದಾಗಿ ಡಬ್ಬಿಗೆ ಇಟ್ಟು ಟೇಬಲ್ಲಿಗೆ ಬಟ್ಟೆ ಹೊದಿಸಿದರು. ಆಮೇಲೆ ಎಂದೂ ನನ್ನ ಜೊತೆ ರೊಕ್ಕಕ್ಕೆ ಆಡಲಿಲ್ಲ. ಬೇರೆಯವರಿಗೂ ನನ್ನ ಜೊತೆ ಆಡಗೊಡಲಿಲ್ಲ.

ಇದು ಕಥೆಯಾಗಿದ್ದರೆ ಅವರು ನನ್ನ ನೂರಾ ಎಂಬತ್ತನ್ನು ತಿರುಗಿ ಕೊಡುತ್ತಿದ್ದರು. ಕೊಡಲಿಲ್ಲ. ಊರಿಗೆ ಹೋಗಲು ಬಸ್ಸಿನ ರೊಕ್ಕ ಮಾತ್ರ ಕೊಟ್ಟರು. ಅಪ್ಪ ಗಾಣದ ಹತ್ತಿರ ಕಬ್ಬಿನ ಹಾಲಿನ ಮೇಲಿನ ಕಸ ತೆಗೆಯುತ್ತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಅಪ್ಪ ಮಾತಾಡಲಿಲ್ಲ, ಬೈಯಲೂ ಇಲ್ಲ. "ಉಂಡ ಮಕ್ಕೋ ಹೋಗ" ಅಂದ, ಅಷ್ಟೇ. ಮುಂದಿನ ಸಂತೆಗೆ ಕೊಟ್ಟಿಗೆಯೊಳಗಿನ ಮಣಕ ಹೋಯಿತು. ಆ ಮಣಕ ಗಬ್ಬಾಗಿತ್ತು ಎಂದು ಅವ್ವ ಸಾಯುವ ತನಕ ಹೇಳುತ್ತಿದ್ದಳು, ನನಗಲ್ಲ, ಗೋಡೆಗೆ.

ಇಪ್ಪತ್ತು ವರ್ಷಗಳ ಮೇಲೆ ಕೆಲಸದ ನಿಮಿತ್ತ ಬೆಳಗಾವಿಗೆ ಹೋದಾಗ ಚಾಚಾನನ್ನು ಹುಡುಕಿ ಹೋದೆ. ಕಣ್ಣಿಗೆ ಪೊರೆ ಬಂದಿತ್ತು, ಈ ಸಲ ನಿಜವಾಗಿ. ಅವತ್ತು ಯಾಕೆ ನಿಲ್ಲಿಸಿದಿರಿ ಎಂದು ಕೇಳಿದೆ. "ನೀ ಸೋತಾಗೊಮ್ಮೆ ನಗತಿದ್ದಿ ಬೇಟಾ. ವಾಚ್ ಬಿಚ್ಚೂಮುಂದ ನಗಲಿಲ್ಲ. ತುಟಿ ಒಣಗಿದ್ದುವು. ಮಾರಿ ನೋಡಿದ ಮ್ಯಾಲೆ ಆಡಾಕ ಕೈ ಏಳಲಿಲ್ಲ" ಅಂದರು. ಚಹಾ ತರಿಸಿದರು. ಅವರು ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಅಲ್ಲಿ ನಿಂತವರಲ್ಲಿ ಎಷ್ಟೋ ಮಂದಿ ಅವರಿಗೆ ರೊಕ್ಕ ಸೋತವರು.

ಚಾಚಾ ಸಂತರೇನೂ ಆಗಿರಲಿಲ್ಲ. ಅವರ ಮನೆಯಲ್ಲಿ ಒಲೆ ಹೊತ್ತದ ದಿನಗಳಿದ್ದವು ಎಂದು ಮಣ್ಣಿನ ದಿನ ಅವರ ಮಗನೇ ಹೇಳಿದ. ಟೇಬಲ್ಲಿನ ಮೇಲೆ ಗೆದ್ದದ್ದೆಲ್ಲ ಎಲ್ಲಿಗೆ ಹೋಯಿತು ಗೊತ್ತೇ? ಓಸಿಗೆ. ಈಗಲೂ ಪಾನ್ ಅಂಗಡಿಯ ಹಿಂದೆ ಚೀಟಿ ಬರೆಸುತ್ತಾರಲ್ಲ, ಅದೇ ಮಟ್ಕಾ. ಅದು ಮುಂಬೈಯಲ್ಲಿ ಹುಟ್ಟಿದ್ದು ಅರಳೆಯಿಂದಲೇ ಅನ್ನಬೇಕು. ನ್ಯೂಯಾರ್ಕಿನ ಹತ್ತಿ ಪೇಟೆಯ ದರ ಬೆಳಿಗ್ಗೆ ಎಷ್ಟಕ್ಕೆ ತೆರೆಯುತ್ತದೆ, ಸಂಜೆ ಎಷ್ಟಕ್ಕೆ ಮುಚ್ಚುತ್ತದೆ ಎಂದು ಕಟ್ಟುತ್ತಿದ್ದ ಬಾಜಿ. ಓಪನ್, ಕ್ಲೋಸ್ ಎಂಬ ಮಾತು ಅಲ್ಲಿಂದ ಬಂತು. ಹತ್ತಿ ದರ ಹೋಗಿ ಮಡಕೆಯೊಳಗಿನ ಚೀಟಿ ಬಂತು, ಮಾತು ಉಳಿಯಿತು. ಎದುರಿನವನ ತುಟಿ ಒಣಗಿದ್ದನ್ನು ಕತ್ತಲೆಯಲ್ಲೂ ಕಾಣುತ್ತಿದ್ದ ಮನುಷ್ಯ, ಎದುರಿಗೆ ಯಾರೂ ಇಲ್ಲದ ಆಟದಲ್ಲಿ ಕುರುಡಾಗಿ ಕೂತ. ಅವರ ತುಟಿ ಒಣಗಿದ್ದನ್ನು ನೋಡಿ ಟೇಬಲ್ ಬಂದ್ ಅನ್ನುವವರು ಅಲ್ಲಿ ಇರಲಿಲ್ಲ.

ಚಾಚಾನಂಥವನೇ ಇನ್ನೊಬ್ಬ, ಫಿಲಿಪ್ಪೀನ್ಸ್ ದೇಶದಲ್ಲಿ ಎಫ್ರೆನ್ ರೇಯಸ್ ಎಂಬ ಪೂಲ್ ಆಟಗಾರನಿದ್ದಾನೆ. ನಿನ್ನ ಮೊಬೈಲಿನಲ್ಲೇ ಹುಡುಕಿ ನೋಡು, ನಾನು ಹಾಗೆಯೇ ನೋಡಿದ್ದು. ಸಣ್ಣವನಿದ್ದಾಗ ಮನಿಲಾದಲ್ಲಿ ಚಿಕ್ಕಪ್ಪನ ಪೂಲ್ ಹಾಲ್‌ನಲ್ಲಿ ಕೆಲಸ ಮಾಡಿ, ರಾತ್ರಿ ಟೇಬಲ್ಲಿನ ಮೇಲೆಯೇ ಮಲಗುತ್ತಿದ್ದವ. 1985ರಲ್ಲಿ ಅಮೆರಿಕಕ್ಕೆ ಆಡಲು ಹೋದಾಗ ಸೀಸರ್ ಮೊರಾಲೆಸ್ ಎಂದು ಬೇರೆ ಹೆಸರು ಹೇಳಿಕೊಂಡ. ಯಾಕೆಂದರೆ ಅವನ ಹೆಸರು ಅಲ್ಲಿಗೆ ಆಗಲೇ ಮುಟ್ಟಿತ್ತು, ಮಾರಿ ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ಮಾರಿ ಗೊತ್ತಾದ ಮೇಲೆ ಆ ಉಪಾಯ ನಡೆಯಲಿಲ್ಲ. ಬಯಲಿಗೆ ಬಂದು ಆಡಿದ, 1994ರಲ್ಲಿ ಅಮೆರಿಕದ ಯುಎಸ್ ಓಪನ್ ಗೆದ್ದ ಮೊದಲ ಹೊರದೇಶದವನಾದ, 1999ರಲ್ಲಿ ವಿಶ್ವ ಚಾಂಪಿಯನ್ ಆದ. ಹಲ್ಲು ಉದುರಿದ ಬಾಯಿ ತೆರೆದು ನಗುವ ಅವನನ್ನು ಕಂಡರೆ ಸೋತವರಿಗೂ ಅಕ್ಕರೆ. ನನಗೆ ಚಾಚಾ ನೆನಪಾಗುತ್ತಾರೆ.

ಆಟ ಕೆಟ್ಟದ್ದಲ್ಲ ಅಂತ ಹೇಳುತ್ತಿದ್ದೇನೆ. ಬೆಂಗಳೂರಿನ ಪಂಕಜ್ ಅಡ್ವಾಣಿ ಅರವಿಂದ ಸಾವೂರ್ ಅವರ ಕೈಯಲ್ಲಿ ಪಳಗಿ 2003ರಲ್ಲಿ, ಹದಿನೆಂಟನೆಯ ವಯಸ್ಸಿಗೆ, ಸ್ನೂಕರ್‌ನಲ್ಲಿ ವಿಶ್ವ ಚಾಂಪಿಯನ್ ಆದ. ನಿನಗೆ ಕೈ ಇದ್ದರೆ ಬೆಳಗಾವಿಗೆ ಹೋಗಿ ನಿಜವಾದ ಟೇಬಲ್ಲಿನ ಮೇಲೆ ಕಲಿ, ತಾಸಿನ ಬಾಡಿಗೆ ನಾನು ಕೊಡುತ್ತೇನೆ. ಆದರೆ ನಿನ್ನ ಮೊಬೈಲಿನೊಳಗೆ ನಿನ್ನ ಜೊತೆ ಆಡಿದವನು ಯಾರು? ಒಂದು ಹೆಸರು, ಒಂದು ಗೊಂಬೆಯ ಚಿತ್ರ. ಅದು ಮನುಷ್ಯನೋ ಯಂತ್ರವೋ ನಿನಗೆ ತಿಳಿಯದು. ನಿನ್ನ ಮಾರಿಯೂ ಅವನಿಗೆ ಕಾಣುವುದಿಲ್ಲ. ಮೊದಲ ದಿನ ನಿನಗೆ ಇನ್ನೂರು ರೂಪಾಯಿ ಗೆಲ್ಲಿಸಿದ್ದು, ಬೋನಸ್ ಎಂದು ಇನ್ನೂರು ಸೇರಿಸಿದ್ದು, ಚಾಚಾ ನನಗೆ ಬಿಟ್ಟುಕೊಟ್ಟ ಆ ಮೂರು ಫ್ರೇಮೇ. ಆ್ಯಪಿನವರು ಅಷ್ಟು ಮಾತ್ರ ಚಾಚಾನಿಂದ ಕಲಿತಿದ್ದಾರೆ. ಕರಿ ಗುಂಡು ಕಿಸೆಗೆ ಹಾಕಿಕೊಳ್ಳುವುದನ್ನು ಕಲಿತಿಲ್ಲ. ನೀನು ರಾತ್ರಿ ಎರಡಕ್ಕೆ ಸಾಲದ ಆ್ಯಪಿನಿಂದ ರೊಕ್ಕ ತೆಗೆದು ಹಾಕಿದಾಗ ನಿನ್ನ ತುಟಿ ಒಣಗಿತ್ತೋ ಇಲ್ಲವೋ ಯಾರು ನೋಡಿದರು?

ನಮ್ಮೂರು ಮಾರಿ ನೋಡಿ ಆಡುವ ಊರು. ಕುಲಗೋಡ ತಮ್ಮಣ್ಣ ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ತಿದ್ದಿ ಬೆಳೆಸಿದ್ದು ಇಲ್ಲಿ. ಪಕ್ಕದ ಕೌಜಲಗಿಯ ನಿಂಗಮ್ಮ ಆ ಆಟಕ್ಕೆ ಜೀವ ತೇಯ್ದವಳು. ಪಾರಿಜಾತದ ಆಟದವರು ಬಯಲಿನಲ್ಲಿ ಕೂತ ಮಂದಿಯ ಮಾರಿ ನೋಡಿ ಹಾಡನ್ನು ಎಳೆಯುತ್ತಿದ್ದರು, ಇಲ್ಲವೇ ಮೊಟಕು ಮಾಡುತ್ತಿದ್ದರು. ತೂಕಡಿಸುವವನನ್ನು ಕಂಡರೆ ಭಾಗವತ ಅವನ ಹೆಸರನ್ನೇ ಮಾತಿನೊಳಗೆ ಸೇರಿಸಿ ಎಬ್ಬಿಸುತ್ತಿದ್ದ. ನಾನು ಬೆಳಗಾವಿಗೆ ಹೋಗುವ ಮೊದಲು ಕಂಡಿದ್ದ ಆಟವೆಂದರೆ ಅಂಥದ್ದು.

ಕಾನೂನಿನ ಮಾತು ನಿನಗೆ ಗೊತ್ತೇ ಇದೆ. ರೊಕ್ಕ ಹಚ್ಚಿ ಆನ್‌ಲೈನ್ ಆಟ ನಡೆಸುವುದನ್ನು ನಮ್ಮ ಸರ್ಕಾರ 2021ರಲ್ಲಿ ನಿಷೇಧಿಸಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ನಿಷೇಧವನ್ನು ತೆಗೆದುಹಾಕಿತು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆಯೇ ಬಂತು. ಜಾಣ್ಮೆಯ ಆಟವಿರಲಿ, ಅದೃಷ್ಟದ್ದಿರಲಿ, ರೊಕ್ಕ ಇಟ್ಟು ಆನ್‌ಲೈನ್ ಆಡಿಸುವಂತಿಲ್ಲ ಎಂದಿತು. ಅದಾದ ಮೇಲೂ ನಿನಗೆ ಯಾರೋ ಲಿಂಕು ಕಳಿಸಿದ್ದಾರೆ, ನೀನು ಒತ್ತಿದ್ದೀಯ. ಕಾಯ್ದೆಗೂ ಮಾರಿ ಕಾಣುವುದಿಲ್ಲ ತಮ್ಮಾ, ಆ ಕೆಲಸ ಮನೆಯವರದು.

ಹೀಗೆ ಮಾಡು. ಗೆದ್ದು ವಾಪಸು ತರುತ್ತೇನೆ ಅನ್ನುವುದನ್ನು ಬಿಡು. ನಾಲ್ಕನೆಯ ಶನಿವಾರ ನಾನೂ ಅದನ್ನೇ ಅಂದಿದ್ದೆ. ಆ ಆ್ಯಪುಗಳನ್ನು ಇವತ್ತೇ ತೆಗೆದುಹಾಕು. ಸಾಲದವರು ಹೆದರಿಸಿದರೆ, ಫೋಟೊ ಹಾಕುತ್ತೇವೆ ಎಂದರೆ, ಒಬ್ಬನೇ ಕೋಣೆಯಲ್ಲಿ ಕೂಡಬೇಡ, 1930ಕ್ಕೆ ಫೋನು ಮಾಡು, ಅದು ಸೈಬರ್ ಮೋಸದ ದೂರಿಗೆ ಇರುವ ನಂಬರು. ರಾತ್ರಿ ನಿದ್ದೆ ಬಾರದೆ ಬೇಡದ ವಿಚಾರ ಬಂದರೆ 14416, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಅದಕ್ಕೂ ಮೊದಲು ನನಗೆ ಫೋನು ಮಾಡು. ನಾನು ನಾಲ್ಕಕ್ಕೇ ಎದ್ದಿರುತ್ತೇನೆ, ಅದಕ್ಕೂ ಮೊದಲೇ ಮಾಡಿದರೂ ಎತ್ತುತ್ತೇನೆ.

ನಿಮ್ಮಪ್ಪನಿಗೆ ನೀನೇ ಹೇಳಬೇಕು. ಫೋನಿನಲ್ಲಿ ಅಲ್ಲ, ಎದುರಿಗೆ ನಿಂತು, ಮಾರಿ ನೋಡಿ. ನಾನು ಪಕ್ಕದಲ್ಲಿ ಕೂತಿರುತ್ತೇನೆ, ನಡುವೆ ಮಾತಾಡುವುದಿಲ್ಲ. ನಲವತ್ತು ಸಾವಿರವನ್ನು ನಾನು ತುಂಬುವುದಿಲ್ಲ, ನಿನ್ನ ಸಂಬಳದಿಂದ ತಿಂಗಳಿಗಿಷ್ಟು ಎಂದು ನೀನೇ ತೀರಿಸಬೇಕು. ಮಣಕದ ಸಾಲ ನಾನು ತೀರಿಸಲಿಲ್ಲ, ತೀರಿಸುವ ಹೊತ್ತಿಗೆ ಅಪ್ಪ ಇರಲಿಲ್ಲ.

ಅಟ್ಟದ ಮೇಲಿದ್ದ ಕೇರಂ ಬೋರ್ಡು ಇಳಿಸಿದ್ದೇನೆ. ಒಂದು ಮೂಲೆಯ ಬಲೆ ಹರಿದಿದೆ, ಕರಿ ಕಾಯಿ ಎರಡು ಕಡಿಮೆ ಇವೆ. ಬರುವಾಗ ಮೂಡಲಗಿಯಿಂದ ಒಂದು ಸೆಟ್ ಕಾಯಿ, ಒಂದು ಡಬ್ಬಿ ಬೋರಿಕ್ ಪೌಡರ್ ತಗೊಂಡು ಬಾ.