ಕೆಳದವಡೆಯ ಗೆಡ್ಡೆ ಮತ್ತು ಹನುವಿನ ಪುನರ್ನಿರ್ಮಾಣ

ಸಂಸ್ಕೃತದಲ್ಲಿ ದವಡೆಗೆ ‘ಹನು’ ಎಂದು ಹೆಸರು. ಇಂದ್ರನ ವಜ್ರಾಘಾತದಿಂದ ದವಡೆ ಮುರಿದುದರಿಂದಲೇ ಆಂಜನೇಯನು ಹನುಮಂತನೆನಿಸಿದನೆಂಬ ರಾಮಾಯಣದ ಕಥೆ ಸರ್ವವಿದಿತ. ಮುಖದ ಎಲುಬುಗಳಲ್ಲಿ ಚಲಿಸತಕ್ಕುದು ಕೆಳದವಡೆಯೊಂದೇ. ಅಗಿಯುವುದಕ್ಕೂ ನುಂಗುವುದಕ್ಕೂ ನುಡಿಯುವುದಕ್ಕೂ ಅದೇ ಆಧಾರ. ನಾಲಗೆಯನ್ನು ಮುಂದಕ್ಕೆಳೆಯುವ ಸ್ನಾಯು ಅದರ ಒಳಬದಿಯ ನಡುಭಾಗಕ್ಕೆ ಅಂಟಿಕೊಂಡಿದೆ. ಕೆಳದುಟಿಯ ಆಸರೆ ಹೋದರೆ ಓಷ್ಠ್ಯವಾದ ಪವರ್ಗವು ಕೆಡುವುದು. ನಾಲಗೆಯ ನೆಲೆ ತಪ್ಪಿದರೆ ದಂತ್ಯವಾದ ತವರ್ಗವು ತೊದಲುವುದು. ಆದುದರಿಂದ ದವಡೆಯ ಗೆಡ್ಡೆಯ ಚಿಕಿತ್ಸೆಗೆ ಎರಡು ಅಂಗಗಳು: ಗೆಡ್ಡೆಯನ್ನು ನಿಶ್ಶೇಷವಾಗಿ ತೆಗೆಯುವುದು, ತೆಗೆದ ಎಡೆಯನ್ನು ಮತ್ತೆ ತುಂಬುವುದು.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದ ಗೆಡ್ಡೆಗಳು ಎರಡು ಬಗೆ. ಮೊದಲನೆಯದು ಅಮೆಲೋಬ್ಲಾಸ್ಟೋಮ. ಹಲ್ಲಿನ ಎನಾಮಲ್ ರೂಪುಗೊಳ್ಳುವ ಜೀವಕೋಶಗಳ ಪರಂಪರೆಯಿಂದ ಹುಟ್ಟುವ ಇದು ಬಹುಮಟ್ಟಿಗೆ ಕೆಳದವಡೆಯ ಹಿಂಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆರಂಭದಲ್ಲಿ ನೋವಿಲ್ಲ, ಆದುದರಿಂದಲೇ ಅಲಕ್ಷ್ಯಕ್ಕೆ ಗುರಿಯಾಗಿ ವರ್ಷಗಟ್ಟಲೆ ಬೆಳೆದು ಎಲುಬನ್ನು ಉಬ್ಬಿಸಿ ತೆಳುವಾಗಿಸುತ್ತದೆ. ಇದು ಸಾಮಾನ್ಯವಾಗಿ ದೇಹದ ಬೇರೆಡೆಗೆ ಹರಡದು. ಹೊಗೆಸೊಪ್ಪಿನಿಂದ ಬರುವುದೂ ಅಲ್ಲ. ಎರಡನೆಯದು ಬಾಯಿಯ ಕ್ಯಾನ್ಸರ್. ಹೊಗೆಸೊಪ್ಪನ್ನೂ ಅಡಿಕೆಯನ್ನೂ ದವಡೆಯಲ್ಲಿಟ್ಟು ಅಗಿಯುವವರಲ್ಲಿ ಇದು ಹೆಚ್ಚು. ಒಸಡಿನಲ್ಲೋ ಕೆನ್ನೆಯ ಒಳಭಾಗದಲ್ಲೋ ಹುಟ್ಟಿ ಎಲುಬನ್ನು ಹೊಗುತ್ತದೆ.

ಗೆಡ್ಡೆಗೆ ನಮ್ಮ ವೈದ್ಯಶಾಸ್ತ್ರದಲ್ಲಿ ‘ಅರ್ಬುದ’ ಎಂಬ ಸಂಜ್ಞೆಯುಂಟು. ಶೇಷವುಳಿದ ಅರ್ಬುದವು ಮರಳಿ ಬೆಳೆಯುವುದೆಂದೂ, ಅದನ್ನು ಉಳಿಸಿದರೆ ಬೆಂಕಿಯ ಶೇಷದಂತೆ ಕೊಲ್ಲುವುದೆಂದೂ ಸುಶ್ರುತಸಂಹಿತೆ ಎಚ್ಚರಿಸಿದೆ. ಇಂದಿನ ಅನುಭವವೂ ಇದನ್ನೇ ಸಮರ್ಥಿಸುತ್ತದೆ. ಅಮೆಲೋಬ್ಲಾಸ್ಟೋಮವನ್ನು ಕೇವಲ ಕೆರೆದು ತೆಗೆದರೆ ಅನೇಕರಲ್ಲಿ ಅದು ಮರುಕಳಿಸುತ್ತದೆ. ಎಕ್ಸ್‌-ರೇ ಮತ್ತು ಸಿ.ಟಿ. ಸ್ಕ್ಯಾನ್‌ಗಳಿಂದ ವ್ಯಾಪ್ತಿಯನ್ನರಿತು, ಚೂರು ಮಾಂಸವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ದೊಡ್ಡ ಗೆಡ್ಡೆಯಾದರೆ ಸುತ್ತಲಿನ ಆರೋಗ್ಯವಂತ ಎಲುಬಿನ 1ರಿಂದ 2 ಸೆಂಟಿಮೀಟರಿನಷ್ಟನ್ನೂ ಸೇರಿಸಿ ಕತ್ತರಿಸುವರು. ಕ್ಯಾನ್ಸರಿನಲ್ಲಿ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದು, ಅಗತ್ಯವಿದ್ದರೆ ವಿಕಿರಣ ಚಿಕಿತ್ಸೆಯನ್ನು ಕೊಡುವರು.

ಇನ್ನು ಪುನರ್ನಿರ್ಮಾಣ. ಲೋಹದ ಪಟ್ಟಿಯೊಂದನ್ನೇ ಜೋಡಿಸಿದರೆ ಅದು ಕಾಲಾಂತರದಲ್ಲಿ ಮುರಿಯಬಹುದು, ಚರ್ಮವನ್ನು ಸೀಳಿ ಹೊರಬರಬಹುದು. ಸೊಂಟದ ಎಲುಬಿನ ತುಂಡು ಸಣ್ಣ ಅಂತರಕ್ಕೆ ಒದಗುತ್ತದೆ. ದೊಡ್ಡ ಅಂತರಕ್ಕೆ ಇಂದು ಹೆಚ್ಚಾಗಿ ಬಳಸುವುದು ಮೊಣಕಾಲಿನ ಕೆಳಗಿರುವ ಎರಡು ಎಲುಬುಗಳಲ್ಲಿ ತೆಳುವಾದ ಹೊರಗಿನ ಎಲುಬು, ಫಿಬುಲ. 1975ರಲ್ಲಿ ಆಸ್ಟ್ರೇಲಿಯದ ಇಯಾನ್ ಟೇಲರ್ ಮತ್ತು ಸಂಗಡಿಗರು ಇದನ್ನು ರಕ್ತನಾಳಗಳ ಸಮೇತ ಸ್ಥಳಾಂತರಿಸಿದ ಕ್ರಮವನ್ನು ಪ್ರಕಟಿಸಿದರು. 1989ರಲ್ಲಿ ಅಮೆರಿಕದ ಡೇವಿಡ್ ಹಿಡಾಲ್ಗೊ ದವಡೆಗೆ ಅದನ್ನು ಅಳವಡಿಸಿದ ವಿಧಾನವನ್ನು ಪ್ರಕಟಿಸಿದರು. ದೇಹದ ಭಾರವನ್ನು ಬಹುತೇಕ ಹೊರುವುದು ಪಕ್ಕದ ದಪ್ಪ ಎಲುಬು. ಆದ್ದರಿಂದ ಮೊಣಕಾಲಿನ ಬಳಿಯೂ ಹರಡಿನ ಬಳಿಯೂ ಸುಮಾರು 6 ಸೆಂಟಿಮೀಟರ್ ಉಳಿಸಿ ನಡುವಿನ ಭಾಗವನ್ನು ತೆಗೆದರೂ ರೋಗಿಯು ಮರಳಿ ನಡೆಯಬಲ್ಲನು. ಆ ಎಲುಬನ್ನು ಅಲ್ಲಲ್ಲಿ ಕೊಯ್ದು ದವಡೆಯ ಬಾಗಿಗೆ ಹೊಂದಿಸಿ, ಟೈಟಾನಿಯಂ ಪಟ್ಟಿಯಿಂದ ಬಿಗಿದು, ಅದರ ಧಮನಿ ಸಿರೆಗಳನ್ನು ಕೂದಲಿಗಿಂತ ನವುರಾದ ದಾರದಿಂದ ಕುತ್ತಿಗೆಯ ನಾಳಗಳಿಗೆ ಹೊಲಿಯುವರು. ರಕ್ತ ಹರಿದೊಡನೆ ಎಲುಬು ಜೀವಂತವಾಗಿದ್ದು ಮುರಿತ ಕೂಡಿಕೊಳ್ಳುವಂತೆಯೇ ಕೂಡಿಕೊಳ್ಳುತ್ತದೆ. ಮುಂದೆ ಅದರಲ್ಲಿ ಕೃತಕ ದಂತಗಳನ್ನೂ ನೆಡಬಹುದು. ಕತ್ತರಿಸಿದ ಮೂಗನ್ನು ಕೂಡಿಸುವಾಗ ಎಲೆಯಿಂದ ಅಳತೆ ತೆಗೆಯಬೇಕೆಂದು ಸುಶ್ರುತನು ವಿಧಿಸಿದನು. ಇಂದು ಸ್ಕ್ಯಾನ್‌ನಿಂದ ರಚಿಸಿದ ದವಡೆಯ ಮಾದರಿಯೇ ಆ ಎಲೆಯ ಸ್ಥಾನದಲ್ಲಿದೆ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರಗಳು ಹೊಗೆಸೊಪ್ಪಿನ ಸೀಮೆ. ಬೆಳೆದು ಬದುಕುವುದು ಒಂದು, ಬಾಯಿಗಿಟ್ಟು ಕೆಡುವುದು ಇನ್ನೊಂದು. ಸಡಿಲವಾದ ಹಲ್ಲನ್ನು ಕೀಳಿಸಿ ಉಬ್ಬನ್ನು ಮರೆಯುವುದು ಸಲ್ಲದು. ಎರಡು ಮೂರು ವಾರಗಳಲ್ಲಿ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ದವಡೆಯ ಉಬ್ಬು, ಬಾಯಿ ತೆರೆಯಲಾಗದಿರುವುದು, ಕೆಳದುಟಿಯ ಜೋಮು, ಇವುಗಳಲ್ಲೊಂದು ಕಂಡರೂ ವಿಳಂಬಿಸದೆ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯಂತಹ ಸಮೀಪದ ಆಸ್ಪತ್ರೆಯಲ್ಲಿ ತೋರಿಸಬೇಕು. ಅಲ್ಲಿಂದ ಮುಂದೆ ಮೈಸೂರಿನ ದೊಡ್ಡ ಆಸ್ಪತ್ರೆಗಳೂ, 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯೂ ಇವೆ. ಗೆಡ್ಡೆ ಚಿಕ್ಕದಿರುವಾಗ ಕತ್ತರಿಸಬೇಕಾದ ಎಲುಬೂ ಚಿಕ್ಕದು. ಮನೆಯ ಹಿರಿಯರ ಬಾಯಲ್ಲಿ ಇಂತಹ ಲಕ್ಷಣ ಕಂಡ ವಿದ್ಯಾರ್ಥಿಯು ಸಂಕೋಚವನ್ನು ಬದಿಗಿಟ್ಟು ಹೇಳಿದರೆ, ಒಂದು ಮುಖವೂ ಒಂದು ಮಾತೂ ಉಳಿದಾವು.